ಎದೆಯಲ್ಲಿ ನೆರಳು ಕಂಡಿದೆ: ಪೆಟ್ ಸ್ಕ್ಯಾನೋ, ಸೂಜಿಯೋ, ನೀರು ತೆಗೆಸೋದೋ?

ಕಳೆದ ತಿಂಗಳು ಬಂಗಾರಪೇಟೆ ಕಡೆಯ ನಮ್ಮ ನೆಂಟರ ಹುಡುಗ ಮನೆಗೆ ಬಂದಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಮೂರು ಚೀಟಿ. ಅವನ ತಾಯಿಗೆ ಐದು ವರ್ಷದ ಹಿಂದೆ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಈಗ ಎರಡು ತಿಂಗಳಿಂದ ಒಣಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್‌ರೇಯಲ್ಲಿ ಬಲಗಡೆ ನೀರು, ಎಡಗಡೆ ಎರಡು ಮೂರು ದುಂಡನೆಯ ನೆರಳು. ಒಬ್ಬ ಡಾಕ್ಟರು ಪೆಟ್ ಸ್ಕ್ಯಾನ್ ಬರೆದಿದ್ದರು. ಇನ್ನೊಬ್ಬರು ಸಿ.ಟಿ. ನೋಡಿಕೊಂಡು ಸೂಜಿ ಹಾಕಿ ತುಣುಕು ತೆಗೆಯುವ ಬಯಾಪ್ಸಿ ಬರೆದಿದ್ದರು. ಮೂರನೆಯವರದು ಬ್ರಾಂಕೋಸ್ಕೋಪಿ, ಅಂದರೆ ಉಸಿರು ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವುದು.

"ಮಾವಾ, ಮೂರೂ ಮಾಡಿಸೋಕೆ ದುಡ್ಡಿಲ್ಲ. ಯಾವ್ದು ಬೆಸ್ಟು ಹೇಳಿ" ಅಂದ.

ನಾನು ಡಾಕ್ಟರಲ್ಲ. ಕೋಲಾರದ ಒಂದು ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಟೆಕ್ನಿಷಿಯನ್ ಆಗಿದ್ದವನು. ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಪ್ಯಾಥಾಲಜಿ ಡಾಕ್ಟರ ಟೇಬಲ್ಲಿಗೆ ಇಡುವುದು ನನ್ನ ಕೆಲಸವಾಗಿತ್ತು. ಮಾಲೂರು, ಶ್ರೀನಿವಾಸಪುರ, ಚಿಂತಾಮಣಿ, ರಾಬರ್ಟ್‌ಸನ್‌ಪೇಟೆ, ಎಲ್ಲ ಕಡೆಯವರೂ ಕೌಂಟರಿನಲ್ಲಿ ನಿಂತು ಇದೇ ಪ್ರಶ್ನೆ ಕೇಳಿದ್ದಾರೆ. ಯಾವುದು ಬೆಸ್ಟು ಅನ್ನೋದಕ್ಕೆ ಉತ್ತರ ಇಲ್ಲ. ಈಗ ನಮಗೆ ಗೊತ್ತಿಲ್ಲದೇ ಇರೋದು ಏನು, ಅದನ್ನು ಕಡಿಮೆ ಅಪಾಯದಲ್ಲಿ ಹೇಳೋ ಪರೀಕ್ಷೆ ಯಾವುದು ಅಂತ ಕೇಳಿದರೆ ಉತ್ತರ ಇದೆ.

ಎಲ್ಲ ನೆರಳೂ ಹರಡಿದ ಕ್ಯಾನ್ಸರ್ ಅಲ್ಲ

ಮೈಯ ರಕ್ತವೆಲ್ಲ ಗುಂಡಿಗೆಯ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶದ ಸಣ್ಣ ಸಣ್ಣ ನಾಳಗಳಲ್ಲಿ ಹಾದು ಹೋಗಬೇಕು. ಹಿಟ್ಟಿನ ಜರಡಿ ಇದ್ದ ಹಾಗೆ. ಬೇರೆ ಕಡೆಯ ಗಡ್ಡೆಯಿಂದ ಕಳಚಿಕೊಂಡ ಜೀವಕಣಗಳು ಆ ಜರಡಿಯಲ್ಲಿ ಸಿಕ್ಕಿಕೊಂಡು ಬೇರು ಬಿಡುತ್ತವೆ. ಸ್ತನ, ದೊಡ್ಡಕರುಳು, ಕಿಡ್ನಿ, ಥೈರಾಯ್ಡ್, ಗರ್ಭಕೋಶ, ಬಾಯಿ, ಗಂಟಲು, ಮೂಳೆ, ವೃಷಣ, ಇವುಗಳ ಕ್ಯಾನ್ಸರ್ ಎದೆಗೆ ಬರುವುದು ಹೊಸದೇನಲ್ಲ. ಬಂದದ್ದು ಶ್ವಾಸಕೋಶದೊಳಗೆ ಗಂಟಾಗಿ ಕೂರಬಹುದು. ಅದರ ಹೊದಿಕೆಯಲ್ಲಿ ನೀರು ತುಂಬಿಸಬಹುದು. ಎದೆಯ ನಡುವೆ ಉಸಿರು ಕೊಳವೆಯ ಪಕ್ಕದ ಗ್ರಂಥಿಗಳನ್ನು ಊದಿಸಬಹುದು. ಎಲ್ಲಿ ಕೂತಿದೆ ಅನ್ನುವುದರ ಮೇಲೆ ಪರೀಕ್ಷೆ ಬದಲಾಗುತ್ತದೆ.

ಆದರೆ ನಮ್ಮ ಜಿಲ್ಲೆಯಲ್ಲಿ ಇದೇ ವೇಷ ಹಾಕಿಕೊಂಡು ಬರುವವರು ಇನ್ನೂ ಇದ್ದಾರೆ. ಮೊದಲನೆಯದು ಟಿ.ಬಿ. ಗಂಟು, ನೀರು, ಊದಿದ ಗ್ರಂಥಿ, ಮೂರನ್ನೂ ಅದು ಮಾಡಬಲ್ಲದು. ಎರಡನೆಯದು ಕೆ.ಜಿ.ಎಫ್. ಮನೆಗಳಿಗೆ ಗೊತ್ತಿರೋ ಸಿಲಿಕೋಸಿಸ್. ಗಣಿ ಮುಚ್ಚಿದ್ದು 2001ರಲ್ಲಿ. ಆದರೆ ಬಂಡೆಯ ದೂಳು ಕುಡಿದವರ ಶ್ವಾಸಕೋಶದಲ್ಲಿ ಗಂಟುಗಳು ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೂ ಬೆಳೆಯುತ್ತವೆ. ಕಲ್ಲು ಕ್ವಾರಿ, ಕ್ರಷರ್ ಕೆಲಸದವರಿಗೂ ಇದೇ ಕತೆ. ಸಾಲದ್ದಕ್ಕೆ ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬರೋದೂ ಜಾಸ್ತಿ. ಮೂರನೆಯದು ಶ್ವಾಸಕೋಶದಲ್ಲೇ ಹುಟ್ಟಿದ ಹೊಸ ಕ್ಯಾನ್ಸರ್. ಹಳೇ ಕ್ಯಾನ್ಸರ್ ಇತ್ತು ಅಂದ ಮಾತ್ರಕ್ಕೆ ಹೊಸದು ಬರಬಾರದು ಅಂತೇನಿಲ್ಲ, ಅದರಲ್ಲೂ ಬೀಡಿ ಸೇದುವವರಿಗೆ.

ನಾಲ್ಕಕ್ಕೂ ಚಿಕಿತ್ಸೆ ಬೇರೆ ಬೇರೆ. "ಹೆಂಗಿದ್ರೂ ಹರಡಿರುತ್ತೆ, ಇನ್ನೇನು ನೋಡೋದು" ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಯಾವ ಅಳತೆಯಲ್ಲಿ ತೂಗಬೇಕು

ಚೀಟಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು: ಇದು ಫೋಟೋ ತೆಗೆಯುವ ಪರೀಕ್ಷೆಯೋ, ಹೆಸರು ಹೇಳುವ ಪರೀಕ್ಷೆಯೋ? ಎಕ್ಸ್‌ರೇ, ಸಿ.ಟಿ., ಪೆಟ್ ಎಲ್ಲವೂ ಫೋಟೋಗಳೇ. ಎಲ್ಲಿದೆ, ಎಷ್ಟಿದೆ ಅಂತ ಹೇಳುತ್ತವೆ. ಅದರ ಹೆಸರು ಹೇಳುವುದು ತುಣುಕು ಅಥವಾ ನೀರು ಮಾತ್ರ. ಫೋಟೋ ಎಷ್ಟು ದುಬಾರಿಯಾದರೂ ಅದು ಫೋಟೋನೇ.

ಎರಡನೆಯದು, ಎಷ್ಟು ತುಣುಕು ಸಿಗುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನಲು ನಾಲ್ಕು ಕಣ ಸಾಕಾಗಬಹುದು. ಎಲ್ಲಿಂದ ಬಂದದ್ದು ಅನ್ನಲು ಸಾಲದು. ಮೂರನೆಯದು ಅಪಾಯ, ಅದೂ ಈ ರೋಗಿಗೆ ಎಷ್ಟು ಅಂತ. ಗಟ್ಟಿಮುಟ್ಟಾದ ನಲವತ್ತರ ಹೆಂಗಸಿಗೂ, ಬೀಡಿ ಸೇದಿ ಶ್ವಾಸಕೋಶ ಸೊರಗಿದ ಎಪ್ಪತ್ತರ ಮುದುಕರಿಗೂ ಒಂದೇ ಸೂಜಿ ಒಂದೇ ಅಲ್ಲ. ನಾಲ್ಕನೆಯದು ಹಣ. ಇದರಲ್ಲಿ ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ, ಉಳಿದುಕೊಳ್ಳೋ ಖರ್ಚು ಎಲ್ಲ ಸೇರಿಸಿ. ಟೊಮೆಟೊ ಬಿಡಿಸೋ ಹೊತ್ತಿನಲ್ಲಿ ಮನೆಯ ಇಬ್ಬರು ಮೂರು ದಿನ ಬೆಂಗಳೂರಿನಲ್ಲಿ ಕೂತರೆ ಆಗೋ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಕೊನೆಯದನ್ನು ಕೇಳೋಕೆ ಜನ ಹಿಂಜರಿಯುತ್ತಾರೆ. "ಡಾಕ್ಟ್ರೇ, ಇದರ ರಿಪೋರ್ಟು ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ?" ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆ ಯಾಕೆ ಬೇಕು ಅಂತ ಇನ್ನೊಮ್ಮೆ ಕೇಳಿ. ತಪ್ಪೇನಿಲ್ಲ.

ಫೋಟೋಗಳಲ್ಲಿ ಯಾವುದು?

ಎಕ್ಸ್‌ರೇ ನೂರರ ಲೆಕ್ಕದಲ್ಲಿ ಮುಗಿಯುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ನೀರು ತುಂಬಿದ್ದರೆ ತೋರಿಸುತ್ತದೆ, ದೊಡ್ಡ ಗಂಟು ತೋರಿಸುತ್ತದೆ. ಒಂದು ಸೆಂಟಿಮೀಟರಿಗಿಂತ ಚಿಕ್ಕದನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ. ಗುಂಡಿಗೆಯ ಹಿಂದೆ, ಪಕ್ಕೆಲುಬಿನ ಹಿಂದೆ ಅಡಗಿದ್ದೂ ಕಾಣುವುದಿಲ್ಲ. "ಎಕ್ಸ್‌ರೇ ಕ್ಲಿಯರ್" ಅಂದರೆ ಎದೆ ಕ್ಲಿಯರ್ ಅಂತಲ್ಲ.

ಅದಕ್ಕೆ ಸಿ.ಟಿ. ಎರಡು ಮೂರು ಮಿಲಿಮೀಟರಿನ ಗಂಟೂ ಇದರಲ್ಲಿ ಕಾಣುತ್ತದೆ. ಸಾವಿರದ ಲೆಕ್ಕ. ಆದರೆ ಅದರ ಗುಣವೇ ಅದರ ದೋಷ. ನಮ್ಮಲ್ಲಿ ಯಾವಾಗಲೋ ಬಂದು ಹೋದ ಟಿ.ಬಿ.ಯ ಕಲೆಗಳು ಎಷ್ಟೋ ಜನರ ಶ್ವಾಸಕೋಶದಲ್ಲಿ ಇರುತ್ತವೆ. ಅವೂ ಚುಕ್ಕಿಗಳಾಗಿ ರಿಪೋರ್ಟಿಗೆ ಬಂದು ಕೂರುತ್ತವೆ. ಆಗ ಆಕಾರ, ಜಾಗ ನೋಡಬೇಕು. ರಕ್ತದಲ್ಲಿ ಬಂದ ಕ್ಯಾನ್ಸರ್ ಗಂಟುಗಳು ಸಾಮಾನ್ಯವಾಗಿ ದುಂಡಗೆ, ನುಣ್ಣಗೆ, ಬೇರೆ ಬೇರೆ ಗಾತ್ರದಲ್ಲಿ ಇರುತ್ತವೆ. ರಕ್ತ ಜಾಸ್ತಿ ಹರಿಯುವ ಕೆಳಭಾಗದಲ್ಲಿ, ಅಂಚಿನ ಕಡೆ ಹೆಚ್ಚು. ಟಿ.ಬಿ.ಗೂ ಸಿಲಿಕೋಸಿಸ್‌ಗೂ ಮೇಲ್ಭಾಗ ಇಷ್ಟ. ಸಿಲಿಕೋಸಿಸ್‌ನಲ್ಲಿ ಎದೆನಡುವಿನ ಗ್ರಂಥಿಗಳ ಸುತ್ತ ಮೊಟ್ಟೆಯ ಸಿಪ್ಪೆಯಂತೆ ಸುಣ್ಣ ಕಟ್ಟಿರುವುದೂ ಉಂಟು. ಇವು ಸುಳಿವು ಮಾತ್ರ, ತೀರ್ಪಲ್ಲ.

ಸಿ.ಟಿ. ಚೀಟಿಯಲ್ಲಿ ಕಾಂಟ್ರಾಸ್ಟ್ ಬೇಕೋ ಬೇಡವೋ ಅಂತ ಕೇಳಿಕೊಳ್ಳಿ. ಬರೀ ಗಂಟು ಎಣಿಸಲು ಔಷಧಿ ಚುಚ್ಚದ ಪ್ಲೇನ್ ಸಿ.ಟಿ. ಸಾಕು. ಎದೆನಡುವಿನ ಗ್ರಂಥಿ, ರಕ್ತನಾಳ, ಹೊದಿಕೆ ನೋಡಬೇಕಿದ್ದರೆ ಕಾಂಟ್ರಾಸ್ಟ್ ಬೇಕು. ಕಾಂಟ್ರಾಸ್ಟ್ ಅಂದರೆ ಮೊದಲು ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತಪರೀಕ್ಷೆಯ ರಿಪೋರ್ಟು ಬೇಕು. ಕಿಡ್ನಿ ತೊಂದರೆ, ಹಿಂದೆ ಯಾವಾಗಾದರೂ ಇಂಥ ಔಷಧಿಗೆ ಅಲರ್ಜಿ ಆಗಿದ್ದರೆ ಬಾಯಿಬಿಟ್ಟು ಹೇಳಿ.

ಈಗ ಪೆಟ್ ಸ್ಕ್ಯಾನ್. ಹತ್ತು ಸಾವಿರ ದಾಟುವ ಲೆಕ್ಕ, ನಮ್ಮ ಕಡೆಯವರಿಗೆ ಬೆಂಗಳೂರಿನ ದಾರಿ. ಸಕ್ಕರೆಯಂಥ ಒಂದು ವಸ್ತುವಿಗೆ ವಿಕಿರಣದ ಗುರುತು ಕಟ್ಟಿ ಮೈಗೆ ಬಿಡುತ್ತಾರೆ. ಹಸಿದ ಕಣಗಳು ಅದನ್ನು ಜಾಸ್ತಿ ನುಂಗಿ ಹೊಳೆಯುತ್ತವೆ. ಇದರ ದೊಡ್ಡ ಲಾಭ ಒಂದೇ ಸಲಕ್ಕೆ ಮೈಯೆಲ್ಲ ನೋಡಬಹುದು ಅನ್ನೋದು. ಎದೆಯಲ್ಲಿ ಕಂಡದ್ದರ ಮೂಲ ಎಲ್ಲಿ ಅಂತ ಗೊತ್ತಿಲ್ಲದಿದ್ದರೆ, ಒಂದೇ ಗಂಟಿದೆ, ಕತ್ತರಿಸಿ ತೆಗೆಯೋಣ, ಆದರೆ ಬೇರೆಲ್ಲೂ ಇಲ್ಲ ತಾನೇ ಅಂತ ಖಾತ್ರಿ ಬೇಕಿದ್ದರೆ, ಆಗ ಈ ಹಣ ಸಾರ್ಥಕ. ಎಲ್ಲಿ ಸೂಜಿ ಹಾಕಿದರೆ ಸುಲಭ ಅಂತ ದಾರಿ ತೋರಿಸುವುದಕ್ಕೂ ಒಳ್ಳೆಯದು.

ಆದರೆ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಟಿ.ಬಿ. ಹೊಳೆಯುತ್ತದೆ. ಸಿಲಿಕೋಸಿಸ್ ಗಂಟೂ ಹೊಳೆಯುತ್ತದೆ. ನಮ್ಮ ಕಡೆ ಪೆಟ್ ಗೊಂದಲ ಹುಟ್ಟಿಸೋದು ಇಲ್ಲೇ. ಇನ್ನೊಂದು ಕಡೆ, ಎಂಟು ಮಿಲಿಮೀಟರಿಗಿಂತ ಚಿಕ್ಕ ಗಂಟು ಕ್ಯಾನ್ಸರ್ ಆಗಿದ್ದರೂ ಹೊಳೆಯದೇ ಇರಬಹುದು. ಕೆಲವು ಕಿಡ್ನಿ ಕ್ಯಾನ್ಸರ್‌ಗಳು, ನಿಧಾನಕ್ಕೆ ಬೆಳೆಯುವ ಗಡ್ಡೆಗಳು ಮಂಕಾಗೇ ಉಳಿಯುತ್ತವೆ. ಮಿದುಳು ಮೊದಲೇ ಸಕ್ಕರೆ ತಿನ್ನುವ ಅಂಗ, ಅಲ್ಲಿ ಹರಡಿದ್ದನ್ನು ಪೆಟ್‌ನಲ್ಲಿ ಗುರುತಿಸುವುದು ಕಷ್ಟ. ಅದಕ್ಕೆ ಎಂ.ಆರ್.ಐ. ಬೇಕು.

ಪೆಟ್‌ಗೆ ಹೋಗುವುದೇ ಆದರೆ ಒಂದು ಕಿವಿಮಾತು. ಆ ಔಷಧಿಯ ಬಲ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಅದನ್ನು ಒಬ್ಬೊಬ್ಬರ ಹೆಸರಿಗೂ ಲೆಕ್ಕ ಹಾಕಿ ತರಿಸಿರುತ್ತಾರೆ. ಕೆ.ಆರ್. ಪುರದ ಸೇತುವೆ ಹತ್ತಿರ ಸಿಕ್ಕಿಹಾಕಿಕೊಂಡೆವು ಅಂದರೆ ಔಷಧಿ ಕಾಯುವುದಿಲ್ಲ. ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ, ಇಲ್ಲವೇ ಬೆಳಗಿನ ಮೊದಲ ರೈಲು ಹಿಡಿಯಿರಿ. ನಾಲ್ಕರಿಂದ ಆರು ಗಂಟೆ ಉಪವಾಸ, ನೀರು ಕುಡಿಯಬಹುದು. ಸಕ್ಕರೆ ಕಾಯಿಲೆ ಇದ್ದರೆ ರಕ್ತದ ಸಕ್ಕರೆ 200ರ ಒಳಗಿರಬೇಕು. ಎಲೆ ಅಡಿಕೆ, ಹೊಗೆಸೊಪ್ಪು ಹಾಕಿ ಅಗಿಯುತ್ತಾ ಕೂರಬೇಡಿ, ದವಡೆಯ ಸ್ನಾಯು ಹೊಳೆದು ಹೊಸ ತಲೆನೋವು ತರುತ್ತದೆ.

ಹೆಸರು ಹೇಳಿಸುವ ದಾರಿಗಳು

ಮೊದಲು ಅಗ್ಗದ್ದು. ಕಫ ಬರುತ್ತಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನ್ಯಾಟ್ ಮಾಡಿಸಿ, ಕಫದಲ್ಲಿ ಟಿ.ಬಿ. ಕ್ರಿಮಿಯನ್ನು ಯಂತ್ರದಲ್ಲಿ ಹುಡುಕುವ ಪರೀಕ್ಷೆ ಅದು. ದುಡ್ಡಿಲ್ಲ, ಯಂತ್ರಕ್ಕೆ ಬೇಕಾದ್ದು ಎರಡು ಗಂಟೆ. ಇದನ್ನು ಬಿಟ್ಟು ನೇರ ಪೆಟ್‌ಗೆ ಓಡಿದವರನ್ನು ನೋಡಿ ನೋಡಿ ಸಾಕಾಗಿದೆ. ಆದರೆ ಕಫದಲ್ಲಿ ಟಿ.ಬಿ. ಸಿಗಲಿಲ್ಲ ಅಂದರೆ ಟಿ.ಬಿ. ಇಲ್ಲವೇ ಇಲ್ಲ ಅಂತ ಅಲ್ಲ. ಸಿಕ್ಕಿತು ಅಂದರೆ ಕ್ಯಾನ್ಸರ್ ಇಲ್ಲ ಅಂತಲೂ ಅಲ್ಲ. ಎರಡೂ ಒಟ್ಟಿಗೆ ಇದ್ದ ರಿಪೋರ್ಟು ನನ್ನ ಕೈ ಮೇಲೇ ಹೋಗಿವೆ.

ಕ್ಯಾನ್ಸರಿನ ಸುಳಿವಿಗೆಂದು ನೋಡುವ ರಕ್ತದ ಮಾರ್ಕರ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಸಿ.ಇ.ಎ., ಸಿ.ಎ. 125 ಅಂತ ಸಾಲಾಗಿ ಬರೆದ ಪ್ಯಾಕೇಜು ಮಾಡಿಸಿ ಮೂಲ ಹುಡುಕುವುದು ಬಹಳ ಸಲ ಸುಮ್ನೆ ಖರ್ಚು. ಸಿ.ಎ. 125 ಟಿ.ಬಿ.ಯಲ್ಲೂ ಏರುತ್ತದೆ. ಎರಡು ಕಡೆ ಮಾತ್ರ ಇವು ಬಂಗಾರ. ಹರೆಯದ ಹುಡುಗನ ಎದೆಯಲ್ಲಿ ಗಂಟುಗಳಿದ್ದರೆ ಎ.ಎಫ್.ಪಿ., ಬೀಟಾ ಎಚ್‌ಸಿಜಿ ತಪ್ಪದೆ ನೋಡಬೇಕು, ವೃಷಣದ ಸ್ಕ್ಯಾನೂ ಮಾಡಬೇಕು. ಎದೆ ತುಂಬ ಹರಡಿದ್ದರೂ ವಾಸಿಯಾಗುವ ಕ್ಯಾನ್ಸರ್ ಅದು. ತುರ್ತಿದ್ದರೆ ಎದೆಗೆ ಸೂಜಿ ಹಾಕದೆಯೇ ಔಷಧಿ ಶುರು ಮಾಡುತ್ತಾರೆ. ಇನ್ನೊಂದು, ಥೈರಾಯ್ಡ್ ಪೂರ್ತಿ ತೆಗೆಸಿಕೊಂಡವರ ಥೈರೋಗ್ಲಾಬ್ಯುಲಿನ್.

ಎದೆಗೆ ಕೈ ಹಾಕುವ ಮುಂಚೆ ಕತ್ತು ಮುಟ್ಟಿ ನೋಡಿ. ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ಕೊರಳೆಲುಬಿನ ಮೇಲೆ, ಕಂಕುಳಲ್ಲಿ ಗಂಟು ಸಿಕ್ಕರೆ ಅಲ್ಲಿಂದಲೇ ಸೂಜಿಯಲ್ಲಿ ತೆಗೆಯಬಹುದು. ಹೊರರೋಗಿ ವಿಭಾಗದಲ್ಲಿ ಹತ್ತು ನಿಮಿಷದ ಕೆಲಸ. ಶ್ವಾಸಕೋಶ ತೂತಾಗುವ ಭಯ ಇಲ್ಲದಂತೆಯೇ. ಸಿ.ಟಿ.ಯಲ್ಲಿ ಯಕೃತ್ತಿನಲ್ಲಿ ಗಂಟು ಕಂಡರೆ ಅದಕ್ಕೂ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕಬಹುದು. ಸುಲಭವಾಗಿ ಸಿಗೋ ಕಡೆ ಬಿಟ್ಟು ಕಷ್ಟದ ಕಡೆ ಯಾಕೆ ಹೋಗಬೇಕು, ಅಲ್ವಾ?

ನೀರು ತುಂಬಿದ್ದರೆ ನೀರು ತೆಗೆಸುವುದು. ಅಲ್ಟ್ರಾಸೌಂಡ್ ನೋಡಿಕೊಂಡು ತೆಗೆದರೆ ಅಪಾಯ ಕಡಿಮೆ, ಏದುಸಿರೂ ಕೂಡಲೇ ಇಳಿಯುತ್ತದೆ. ಒಂದೇ ಸಲ ಒಂದೂವರೆ ಲೀಟರಿಗಿಂತ ಜಾಸ್ತಿ ಸಾಮಾನ್ಯವಾಗಿ ತೆಗೆಯುವುದಿಲ್ಲ, "ಪೂರ್ತಿ ತೆಗೆದುಬಿಡಿ" ಅಂತ ಒತ್ತಾಯ ಮಾಡಬೇಡಿ. ಕ್ಯಾನ್ಸರಿನಿಂದ ಬಂದ ನೀರಿನಲ್ಲಿ ಮೊದಲ ಸಲಕ್ಕೇ ಕಣ ಸಿಗುವುದು ಸುಮಾರು ನೂರಕ್ಕೆ ಅರವತ್ತು ಜನರಲ್ಲಿ. ಎರಡನೇ ಸಲ ತೆಗೆದರೆ ಇನ್ನಷ್ಟು ಜನರಲ್ಲಿ ಸಿಗುತ್ತದೆ. ಮೂರನೇ ಸಲಕ್ಕೆ ಅಂಥ ಲಾಭವಿಲ್ಲ.

ಇಲ್ಲಿ ನನ್ನ ಹಳೇ ಕಸುಬಿನ ಮಾತು. ಲ್ಯಾಬಿಗೆ ಐದು ಮಿಲಿಲೀಟರ್ ಸಿರಿಂಜಿನಲ್ಲಿ ನೀರು ಕಳಿಸಿ "ಕ್ಯಾನ್ಸರ್ ನೋಡಿ" ಅನ್ನುತ್ತಿದ್ದರು. ಉಳಿದ ಒಂದು ಲೀಟರ್ ಚರಂಡಿಗೆ. ಕನಿಷ್ಠ 50 ಮಿಲಿಲೀಟರ್ ಕಳಿಸಬೇಕು, ಅದೂ ಅವತ್ತೇ. ಚೀಟಿಯಲ್ಲಿ "ಸೆಲ್ ಬ್ಲಾಕ್ ಮಾಡಿ" ಅಂತ ಬರೆಸಿ. ನೀರನ್ನು ಗಿರ್ರನೆ ತಿರುಗಿಸಿ ಅಡಿಗೆ ಕೂತ ಗಸಿಯನ್ನು ಮೇಣದಲ್ಲಿ ಕೂರಿಸುತ್ತೇವೆ. ಆಗ ಅದು ಬಯಾಪ್ಸಿ ತುಣುಕಿನಂತೆಯೇ ಆಗಿ, ಮೂಲ ಹುಡುಕುವ ಬಣ್ಣದ ಪರೀಕ್ಷೆಗಳನ್ನು ಮಾಡಬಹುದು. ಜೊತೆಗೆ ಎ.ಡಿ.ಎ. ಕೇಳಿ, ನೀರಿನಲ್ಲಿ ಟಿ.ಬಿ.ಯ ಸುಳಿವು ನೋಡುವ ಪರೀಕ್ಷೆ. ಅದು 40ಕ್ಕಿಂತ ಮೇಲಿದ್ದು, ನೀರಿನಲ್ಲಿ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳೇ ತುಂಬಿದ್ದರೆ ಟಿ.ಬಿ.ಯ ಅನುಮಾನ ಬಲವಾಗುತ್ತದೆ. ಒಂದು ಸೂಜಿ, ಎರಡು ಪ್ರಶ್ನೆಗೆ ಉತ್ತರ. ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ನೋಡಿಲ್ಲ.

ಎರಡು ಸಲ ನೀರು ತೆಗೆದರೂ ಏನೂ ಸಿಗದಿದ್ದರೆ ಪ್ಲೂರೋಸ್ಕೋಪಿ. ಪಕ್ಕೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು, ಹೊದಿಕೆಯನ್ನು ಕಣ್ಣಾರೆ ನೋಡಿ ತುಣುಕು ತೆಗೆಯುತ್ತಾರೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಉತ್ತರ ಸಿಗುತ್ತದೆ. ನೀರು ಮತ್ತೆ ತುಂಬದ ಹಾಗೆ ಟಾಲ್ಕ್ ಪುಡಿ ಹಾಕುವುದೂ ಅದೇ ಸಲಕ್ಕೆ ಆಗಬಹುದು. ಆದರೆ ಒಂದೆರಡು ದಿನ ಅಡ್ಮಿಟ್ ಆಗಬೇಕು, ಟ್ಯೂಬ್ ಇರುತ್ತದೆ.

ಗಂಟು ಶ್ವಾಸಕೋಶದ ಅಂಚಿನಲ್ಲಿದ್ದರೆ ಸಿ.ಟಿ. ನೋಡಿಕೊಂಡು ಸೂಜಿ ಹಾಕುವುದು. ಹತ್ತರಲ್ಲಿ ಒಂಬತ್ತು ಸಲ ಉತ್ತರ ಕೊಡುತ್ತದೆ. ಇದರಲ್ಲೂ ಎರಡು ಬಗೆ. ತೆಳ್ಳನೆ ಸೂಜಿಯ ಎಫ್‌ಎನ್‌ಎಸಿಯಲ್ಲಿ ಬಿಡಿ ಕಣ ಬರುತ್ತವೆ. ದಪ್ಪ ಸೂಜಿಯ ಕೋರ್ ಬಯಾಪ್ಸಿಯಲ್ಲಿ ಶಾವಿಗೆ ಎಳೆಯಂಥ ತುಣುಕು ಬರುತ್ತದೆ. ಎಲ್ಲಿಂದ ಬಂದದ್ದು ಅಂತ ಗೊತ್ತಾಗಬೇಕಿದ್ದರೆ ಕೋರ್ ಕೇಳಿ. ಎಫ್‌ಎನ್‌ಎಸಿ ಸ್ವಲ್ಪ ಅಗ್ಗ, ಆದರೆ "ಕ್ಯಾನ್ಸರ್ ಕಣ ಇದೆ, ಹೆಚ್ಚಿನ ಪರೀಕ್ಷೆಗೆ ತುಣುಕು ಸಾಲದು" ಅಂತ ಬಂದರೆ ಎರಡು ಸಲ ಖರ್ಚು.

ಇದರ ಮುಖ್ಯ ಅಪಾಯ ಶ್ವಾಸಕೋಶದಿಂದ ಗಾಳಿ ಸೋರುವುದು. ಸುಮಾರು ಐದರಲ್ಲಿ ಒಬ್ಬರಿಗೆ ಆಗುತ್ತದೆ. ಹೆಚ್ಚಿನವರಿಗೆ ತಾನೇ ಸರಿಹೋಗುತ್ತದೆ, ಕೆಲವರಿಗೆ ಟ್ಯೂಬ್ ಹಾಕಬೇಕಾಗುತ್ತದೆ. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಿಗೆ ಅಪಾಯ ಜಾಸ್ತಿ. ಗುಂಡಿಗೆಗೆ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಆದರೆ ನೀವಾಗೇ ನಿಲ್ಲಿಸಬೇಡಿ. ಸೂಜಿ ಹಾಕಿದ ರಾತ್ರಿ ಊರಿಗೆ ಹೊರಡಬೇಡಿ. ಹೊಸಕೋಟೆ ದಾಟಿದ ಮೇಲೆ ಬಸ್ಸಿನಲ್ಲಿ ಎದೆ ಹಿಡಿದುಕೊಂಡರೆ ಯಾರೇನು ಮಾಡೋಕಾಗುತ್ತೆ?

ಕೆಮ್ಮಿನಲ್ಲಿ ರಕ್ತ ಬರುತ್ತಿದ್ದರೆ, ಉಸಿರು ಕೊಳವೆಯೊಳಗೇ ಏನೋ ಇದೆ ಅಂತ ಸಿ.ಟಿ. ಹೇಳಿದರೆ ಬ್ರಾಂಕೋಸ್ಕೋಪಿ. ಅಂಚಿನ ಗಂಟಿಗೆ ಇದು ಸರಿಯಾದ ದಾರಿ ಅಲ್ಲ, ಕೊಳವೆ ಅಲ್ಲಿಯವರೆಗೆ ತಲುಪುವುದಿಲ್ಲ. ಎದೆನಡುವಿನ ಗ್ರಂಥಿಗಳು ಊದಿದ್ದರೆ ಇಬಸ್. ಬ್ರಾಂಕೋಸ್ಕೋಪಿ ಕೊಳವೆಯ ತುದಿಗೇ ಅಲ್ಟ್ರಾಸೌಂಡ್ ಇರುತ್ತದೆ, ಗ್ರಂಥಿಯನ್ನು ನೋಡಿಕೊಂಡೇ ಸೂಜಿ ಹಾಕುತ್ತಾರೆ. ಮಂಪರು ಕೊಟ್ಟು ಮಾಡುತ್ತಾರೆ, ಹೆಚ್ಚಾಗಿ ಅವತ್ತೇ ಮನೆಗೆ. ಮೊದಲೆಲ್ಲ ಇದಕ್ಕೆ ಎದೆಮೂಳೆಗಿಂತ ಮೇಲೆ, ಕತ್ತಿನ ಬುಡದಲ್ಲಿ ಕೊಯ್ದು ಹೋಗಬೇಕಿತ್ತು. ದುಬಾರಿ ಹೌದು, ಆದರೆ ಆಪರೇಷನ್ ತಪ್ಪಿಸುತ್ತದೆ.

ಉಳಿದದ್ದು ವ್ಯಾಟ್ಸ್, ಅಂದರೆ ಕ್ಯಾಮೆರಾ ಬಿಟ್ಟು ಗಂಟನ್ನೇ ಕತ್ತರಿಸುವುದು. ಪೂರ್ತಿ ಅರಿವಳಿಕೆ, ಕೆಲವು ದಿನ ಆಸ್ಪತ್ರೆ. ಸೂಜಿ ಸೋತಾಗ, ಅಥವಾ ಒಂದೇ ಗಂಟಿದ್ದು ಹೇಗಿದ್ದರೂ ತೆಗೆಯಲೇಬೇಕು ಅನ್ನುವಾಗ ಇದು ಸರಿ. ರೋಗ ಗುರುತಿಸುವುದೂ ಚಿಕಿತ್ಸೆಯೂ ಒಂದೇ ಸಲಕ್ಕೆ ಆಗುತ್ತದೆ.

ಇನ್ನೊಂದು ಆಯ್ಕೆ ಯಾರಿಗೂ ಇಷ್ಟವಿಲ್ಲ. ಕಾಯುವುದು. ನಾಲ್ಕೈದು ಮಿಲಿಮೀಟರಿನ ಚುಕ್ಕಿಗೆ ಯಾವ ಸೂಜಿಯೂ ಸರಿಯಾಗಿ ತಾಗುವುದಿಲ್ಲ, ಪೆಟ್ ಕೂಡ ಏನೂ ಹೇಳುವುದಿಲ್ಲ. ಆಗ ಎರಡು ಮೂರು ತಿಂಗಳ ನಂತರ ಅದೇ ಸಿ.ಟಿ. ಮತ್ತೆ ಮಾಡಿ ಬೆಳೆದಿದೆಯಾ ನೋಡುವುದೇ ಪರೀಕ್ಷೆ. "ಏನೂ ಮಾಡ್ತಿಲ್ಲ" ಅಂತ ಡಾಕ್ಟರ ಮೇಲೆ ಮುನಿಸಿಕೊಂಡು ಬೇರೆ ಕಡೆ ಓಡಬೇಡಿ.

ತುಣುಕು ಸಿಕ್ಕ ಮೇಲೆ ಆಟ ಶುರು

ನಮ್ಮಕ್ಕನ ಕತೆ ಹೇಳಬೇಕು. ಥೈರಾಯ್ಡ್ ಕ್ಯಾನ್ಸರ್ ಆಗಿ ವಾಸಿಯಾಗಿದ್ದವಳು. ಎದೆನಡುವಿನ ಗ್ರಂಥಿಗಳು ಊದಿವೆ ಅಂತ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿದೆವು. ತೆಗೆದದ್ದನ್ನೆಲ್ಲ ತುಣುಕು ಕೆಡದಂತೆ ಇಡುವ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟರು. ರಿಪೋರ್ಟು ಬಂತು: ಕ್ಯಾನ್ಸರ್ ಇಲ್ಲ, ಟಿ.ಬಿ. ಇರಬಹುದು, ಕಲ್ಚರ್ ಮಾಡಿ. ಫಾರ್ಮಲಿನ್‌ಗೆ ಬಿದ್ದ ಮೇಲೆ ಟಿ.ಬಿ. ಕ್ರಿಮಿ ಸತ್ತಿರುತ್ತದೆ, ಕಲ್ಚರ್‌ನಲ್ಲಿ ಏನು ಬೆಳೆಯುತ್ತದೆ? ಮತ್ತೆ ಮಂಪರು, ಮತ್ತೆ ಸೂಜಿ, ಮತ್ತೆ ಬಿಲ್ಲು. ಮೂರು ವಾರ ಹೋಯಿತು. ಕೊನೆಗೆ ಟಿ.ಬಿ.ನೇ. ಇಪ್ಪತ್ತೆಂಟು ವರ್ಷ ಅದೇ ಬಾಟಲಿಗಳ ಜೊತೆ ಬದುಕಿದವನು ನಾನು, ಅವತ್ತು ಹೊರಗೆ ಬೆಂಚಿನ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದೆ. ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅದಕ್ಕೆ ಯಾವ ಬಯಾಪ್ಸಿಯಾದರೂ ಎರಡು ಬಾಟಲಿ. ಒಂದರಲ್ಲಿ ಫಾರ್ಮಲಿನ್, ಕ್ಯಾನ್ಸರ್ ನೋಡಲು. ಇನ್ನೊಂದರಲ್ಲಿ ಬರೀ ಸಲೈನ್, ಟಿ.ಬಿ. ನೋಡಲು. ಒಳಗೆ ಕರೆದುಕೊಂಡು ಹೋಗುವ ಮುಂಚೆಯೇ ಸಿಸ್ಟರ್‌ಗೆ ನೆನಪಿಸಿ.

ಮೇಣದಲ್ಲಿ ಕೂತ ತುಣುಕಿನ ಮೇಲೆ ಇಮ್ಯುನೋ ಅಂತ ಒಂದು ಬಣ್ಣದ ಪರೀಕ್ಷೆ ಮಾಡುತ್ತಾರೆ. ಕಣ ಎಲ್ಲಿಗೆ ಹೋದರೂ ಊರಿನ ಭಾಷೆ ಮರೆಯುವುದಿಲ್ಲ. ಮುಳಬಾಗಿಲಿನವನು ಬೆಂಗಳೂರಿಗೆ ಹೋದರೂ ನಾಲ್ಕು ಮಾತಿಗೆ ಸಿಕ್ಕಿಬೀಳುತ್ತಾನಲ್ಲ, ಹಾಗೆ. ಟಿ.ಟಿ.ಎಫ್.-1 ಬಣ್ಣ ಹತ್ತಿದರೆ ಶ್ವಾಸಕೋಶ ಅಥವಾ ಥೈರಾಯ್ಡ್ ಕಡೆ. ಗಾಟಾ-3 ಅಂದರೆ ಸ್ತನ ಅಥವಾ ಮೂತ್ರಕೋಶದ ಕಡೆ. ಸಿ.ಡಿ.ಎಕ್ಸ್.-2 ಕರುಳಿನ ಕಡೆ. ಪ್ಯಾಕ್ಸ್-8 ಕಿಡ್ನಿ, ಅಂಡಾಶಯ, ಥೈರಾಯ್ಡ್ ಕಡೆ. ಒಂದರಿಂದ ತೀರ್ಮಾನವಾಗದು, ನಾಲ್ಕೈದು ಸೇರಿಸಿ ನೋಡುತ್ತಾರೆ. ಪ್ರತಿಯೊಂದಕ್ಕೂ ದುಡ್ಡು. ಹಳೇ ಕ್ಯಾನ್ಸರಿನ ಬ್ಲಾಕ್ ತಂದು ಪಕ್ಕದಲ್ಲಿಟ್ಟರೆ ಕಡಿಮೆ ಬಣ್ಣದಲ್ಲಿ ಕೆಲಸ ಮುಗಿಯುತ್ತದೆ. ಆ ಮೇಣದ ಬ್ಲಾಕನ್ನು ಆಪರೇಷನ್ ಆದ ಆಸ್ಪತ್ರೆಯಲ್ಲಿ ಅರ್ಜಿ ಬರೆದು ಕೇಳಿ.

ಸ್ತನದ ಕ್ಯಾನ್ಸರ್ ಇದ್ದವರಿಗೆ ಹೊಸ ತುಣುಕು ತೆಗೆಸಲು ಇನ್ನೊಂದು ಕಾರಣವೂ ಇದೆ. ಯಾವ ಮದ್ದು ನಾಟುತ್ತದೆ ಅಂತ ಹೇಳುವ ಇ.ಆರ್., ಪಿ.ಆರ್., ಹರ್-2 ಅನ್ನುವ ಗುರುತುಗಳು ಎದೆಗೆ ಹರಡುವಾಗ ಬದಲಾಗಿರಬಹುದು. ಐದು ವರ್ಷದ ಹಿಂದಿನ ರಿಪೋರ್ಟು ನೋಡಿ ಈಗ ಮಾತ್ರೆ ಬರೆದರೆ ತಪ್ಪಬಹುದು.

ಇಮ್ಯುನೋ ಕೈಕೊಡುವ ಕಡೆಯೂ ಇದೆ, ಅದು ನಮ್ಮ ಜಿಲ್ಲೆಯವರಿಗೆ ಮುಖ್ಯ. ಹೊಗೆಸೊಪ್ಪು ದವಡೆಯಲ್ಲಿ ಇಟ್ಟುಕೊಂಡು ಕೆನ್ನೆಯ ಕ್ಯಾನ್ಸರ್ ಬಂದವರ ಎದೆಯಲ್ಲಿ ಗಂಟು ಕಂಡರೆ, ಅದು ಕೆನ್ನೆಯಿಂದ ಬಂದದ್ದೋ ಶ್ವಾಸಕೋಶದಲ್ಲೇ ಹುಟ್ಟಿದ್ದೋ? ಎರಡೂ ಸ್ಕ್ವೇಮಸ್, ಅಂದರೆ ಚಪ್ಪಟೆ ಕಣದ ಜಾತಿ ಆಗಿರಬಹುದು. ಹಾಗಿದ್ದರೆ ಎರಡಕ್ಕೂ ಒಂದೇ ಬಣ್ಣ ಹತ್ತುತ್ತದೆ. ಆಗ ಪ್ಯಾಥಾಲಜಿ ಡಾಕ್ಟರು ಕೈಚೆಲ್ಲಿ ಸಿ.ಟಿ. ಡಾಕ್ಟರ ಕಡೆ ನೋಡುತ್ತಾರೆ. ದುಂಡನೆ ಗಂಟುಗಳು ಹಲವು ಇದ್ದರೆ ಹೆಚ್ಚಾಗಿ ಹರಡಿದ್ದು. ಮುಳ್ಳು ಮುಳ್ಳಾದ ಅಂಚಿನ ಒಂದೇ ಗಂಟು, ಅದೂ ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೆ ಅಂದರೆ ಹೊಸದಿರಬಹುದು, ಕತ್ತರಿಸಿದರೆ ವಾಸಿಯಾಗಲೂಬಹುದು. ಇಂಥವರು ಸರ್ಜನ್, ಕೀಮೋ ಡಾಕ್ಟರು, ರೇಡಿಯಾಲಜಿಸ್ಟ್ ಎಲ್ಲ ಕೂತು ಚರ್ಚಿಸುವ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಯಾರಿಗೆ ಯಾವುದು

ಬಂಗಾರಪೇಟೆ ಹುಡುಗನಿಗೆ ನಾನು ಹೇಳಿದ್ದು: ತಾಯಿಯ ಎದೆಯಲ್ಲಿ ನೀರಿದೆ, ಅದೇ ಸುಲಭದ ಬಾಗಿಲು. ಮೊದಲು ಕಾಂಟ್ರಾಸ್ಟ್ ಸಿ.ಟಿ., ಕತ್ತಿನ ಅಲ್ಟ್ರಾಸೌಂಡ್. ನೀರು ತೆಗೆಸಿ ಸೆಲ್ ಬ್ಲಾಕ್, ಎ.ಡಿ.ಎ. ಹಳೇ ಬ್ಲಾಕ್ ತರಿಸು. ಬ್ರಾಂಕೋಸ್ಕೋಪಿ ಚೀಟಿ ಈಗ ಬೇಡ. ಪೆಟ್ ಚೀಟಿ ಇಟ್ಟುಕೊಂಡಿರು, ಇದೇ ಅಂತ ಹೆಸರು ಬಂದ ಮೇಲೆ ಡಾಕ್ಟರು ಬೇಕೆಂದರೆ ಮಾಡಿಸು. "ಹಾಗೇ ಅಂತ ಡಾಕ್ಟ್ರನ್ನ ಕೇಳು, ನನ್ನ ಹೆಸರು ಹೇಳಬೇಡ" ಅಂತಲೂ ಅಂದೆ.

ಗಣಿಯಲ್ಲಿ ದುಡಿದ ಹಿರಿಯರಾದರೆ ಪೆಟ್‌ಗೆ ಮೊದಲು ಅಟ್ಟ ಹುಡುಕಿ. ಗಣಿ ಕಾಲದ ಹಳೇ ಎಕ್ಸ್‌ರೇ ಸಿಕ್ಕರೆ ಅದರ ಬೆಲೆ ಹತ್ತು ಸಾವಿರಕ್ಕಿಂತ ಜಾಸ್ತಿ. ಅಂದು ಇದ್ದ ಗಂಟು ಇಂದೂ ಅಷ್ಟೇ ಇದ್ದರೆ ಉತ್ತರ ಅರ್ಧ ಸಿಕ್ಕಂತೆ. ಕಫದ ಸಿಬಿನ್ಯಾಟ್ ಕಡ್ಡಾಯ. ಸೂಜಿ ಹಾಕುವುದಾದರೆ, ಬೆಳೆಯುತ್ತಿರುವ ಗಂಟಿಗೇ ಹಾಕಬೇಕು.

ಹಾಸಿಗೆ ಹಿಡಿದ, ಕೀಮೋ ತಡೆಯಲಾರದ ಹಿರಿಯರು, ಹಲವು ಗಂಟು, ಹಳೇ ಕ್ಯಾನ್ಸರ್ ಗೊತ್ತಿರುವುದೇ. ಅಂಥವರಿಗೆ ಸೂಜಿ ಬೇಡ ಅನ್ನುವುದೂ ಸರಿಯಾದ ಆಯ್ಕೆ. ನೀರಿದ್ದರೆ ಉಸಿರಿಗೆ ಹಗುರಾಗಲೆಂದು ತೆಗೆಸಿ, ನೋವಿಗೆ ಮದ್ದು ಕೊಡಿಸಿ.

ಹಣದ ಮಾತು. ಬಿ.ಪಿ.ಎಲ್. ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ದೊಡ್ಡ ಕಾಯಿಲೆಗೆ ಬೇರೆ ಕಡೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ನಮ್ಮವರು ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಿಂದ ಶುರು ಮಾಡಬಹುದು. ಎಲ್ಲ ಸ್ಕ್ಯಾನೂ ಅದರಡಿ ಬರುತ್ತದೆ ಅಂದುಕೊಳ್ಳಬೇಡಿ, ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಮೆಡಿಕಲ್ ಕಾಲೇಜಿನದು, ಅಲ್ಲಿ ಆಗುವಷ್ಟಕ್ಕೆ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ. ಬೆಂಗಳೂರೇ ಆದರೆ ಕ್ಯಾನ್ಸರಿಗೆ ಕಿದ್ವಾಯಿ, ಎದೆಗೆ ಸಂಬಂಧಿಸಿದ ಕೊಳವೆ ಪರೀಕ್ಷೆಗಳಿಗೆ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಎರಡೂ ಸರ್ಕಾರದವು. ಸಾಲು ಉದ್ದ, ಬಿಲ್ಲು ಗಿಡ್ಡ.

ಹೊರಡುವ ಮುನ್ನ

ಸಿ.ಟಿ.ಯ ಬರೀ ರಿಪೋರ್ಟು ಸಾಲದು, ಸಿ.ಡಿ.ಯೂ ಬೇಕು. ಹಳೇ ಆಪರೇಷನ್ ರಿಪೋರ್ಟು, ಬ್ಲಾಕ್, ಸ್ಲೈಡು. ಸ್ಲೈಡನ್ನು ಬಟ್ಟೆಯ ನಡುವೆ ಹಾಕಿ ತರಬೇಡಿ, ಒಡೆದು ಚೂರಾಗಿ ಬಂದದ್ದನ್ನು ನಾನು ಅಂಟಿಸಿದ್ದೇನೆ. ಮಾತ್ರೆಗಳ ಹೆಸರು ಬರೆದ ಚೀಟಿ. ಮೇಣದ ಬ್ಲಾಕನ್ನು ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.

ಆಮೇಲೆ ಬಯಾಪ್ಸಿ ಚೀಟಿಯಲ್ಲಿ ಫೋನ್ ನಂಬರ್. ಸೋದರಮಾವನದೋ, ಕರೆದುಕೊಂಡು ಬಂದ ಆಟೋದವನದೋ ಬೇಡ, ಮನೆಯಲ್ಲಿ ಯಾವಾಗಲೂ ಎತ್ತುವವರ ನಂಬರ್ ಬರೆಸಿ, ಒಂದಲ್ಲ ಎರಡು. ನಮ್ಮ ಲ್ಯಾಬಿನ ಎಡಗಡೆ ಡ್ರಾಯರ್ ತುಂಬ ಯಾರೂ ಬಂದು ಒಯ್ಯದ ರಿಪೋರ್ಟುಗಳಿದ್ದವು. ಫೋನ್ ಮಾಡಿದರೆ "ಈ ನಂಬರ್ ಚಾಲ್ತಿಯಲ್ಲಿಲ್ಲ". ಅದರಲ್ಲಿ ಕೆಲವು ಟಿ.ಬಿ. ಅಂತ ಬಂದವು.